ಪಾರ್ಸೆಲ್ ಗೆಳೆಯನ ಅಂಗಡಿಗೆ ಯಾಕೆ?

ವಿಜಯಪುರದಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ಬರೆದವರಿಗೆ 46 ವರ್ಷ, ಬ್ಯಾಂಕ್ ನೌಕರಿ. ಕಾಲೇಜಿನ ದಿನದಿಂದ ಇಂಗ್ಲೆಂಡಿನ ಹಾಡುಗಾರರ ತಂಡ ಬೀಟಲ್ಸ್ ಅಂದರೆ ಜೀವ. ಆದರೆ ಅವರು ಕೂಡಿಸುವುದು ಬೀಟಲ್ಸ್ ಹಾಡಿದ್ದನ್ನಲ್ಲ, ಅವರ ಹಾಡನ್ನು ಬೇರೆಯವರು ಹಾಡಿದ್ದನ್ನು. ಕವರ್ ಅನ್ನುವ ಅಂಥ ಹಾಡುಗಳು, ಗೌರವಕ್ಕೆಂದು ಹಾಡಿದ ಟ್ರಿಬ್ಯೂಟ್ ಆಲ್ಬಮ್‌ಗಳು. ಕ್ಯಾಸೆಟ್, ಸಿಡಿ, ಎಲ್‌ಪಿ ಅನ್ನುವ ದೊಡ್ಡ ಗ್ರಾಮಫೋನ್ ತಟ್ಟೆ ಎಲ್ಲ ಸೇರಿ 700 ದಾಟಿವೆ. ಮಗಳು ಈ ವರ್ಷ ಸೆಕೆಂಡ್ ಪಿಯುಸಿ, ಅವಳಿಗೆ ಓದಲು ಆ ಕೋಣೆ ಬೇಕು. ಹೆಂಡತಿಯದು ಒಂದೇ ಮಾತು: "ಅದ ಹಾಡು ಎಷ್ಟ್ ಮಂದಿ ಕಡಿಂದ ಕೇಳ್ತೀರಿ?" ಎಲ್ಲ ಮಾರಿಬಿಡಲೇ ಎಂದು ಇವರು ಕೇಳಿದ್ದಾರೆ.

ಮಾರಬೇಡಿ. ಒಂದೂ ಮಾರಬೇಡಿ.

ಹಾಡು ಬದುಕುವುದೇ ಬಾಯಿಂದ ಬಾಯಿಗೆ ಹೋಗಿ. ಇದನ್ನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. 1963ರಲ್ಲಿ ಬಂದ ಬೀಟಲ್ಸ್‌ನ ಮೊದಲ ಆಲ್ಬಮ್‌ನಲ್ಲೇ 14ರಲ್ಲಿ 6 ಹಾಡು ಬೇರೆಯವರವು. ಬೀಟಲ್ಸ್ ತಂಡದ ರಿಂಗೋ ಸ್ಟಾರ್ 1967ರಲ್ಲಿ ಹಗುರಾಗಿ ಹಾಡಿದ ಗೆಳೆಯರ ಹಾಡು 'ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್' ಅನ್ನು ಇಂಗ್ಲೆಂಡಿನ ಗಾಯಕ ಜೋ ಕಾಕರ್ ನಿಧಾನ ಮಾಡಿ, ಗಂಟಲು ಹರಿಯುವ ಹಾಗೆ ಹಾಡಿದರು. 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಸಂಗೀತ ಉತ್ಸವದಲ್ಲಿ ಅವರು ಅದನ್ನು ಹಾಡಿದ ಮೇಲೆ ಎಷ್ಟೋ ಜನರಿಗೆ ಅದು ಕಾಕರ್ ಹಾಡೇ ಆಯಿತು. ನಮ್ಮಲ್ಲಿ ಬೇರೆ ಏನಿದೆ? ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ವಚನಕ್ಕೆ ಊರಿಗೊಂದು ಧಾಟಿ. ಮಲ್ಲಿಕಾರ್ಜುನ ಮನ್ಸೂರರ ವಚನ ಕೇಳಿದ ಮೇಲೂ ನನಗೆ ನಮ್ಮ ಓಣಿಯ ಅಜ್ಜಿ ಹಾಡಿದ್ದು ಬೇಕೇ ಬೇಕು. ನಿಮ್ಮ ಮನೆಯವರಿಗೆ ಇದನ್ನು ಹೇಳಿ ನೋಡಿ, ತಿಳಿಯುತ್ತದೆ.

ಕೋಣೆಯ ವಿಷಯದಲ್ಲಿ ಚರ್ಚೆಯೇ ಬೇಡ, ಅದು ಮಗಳಿಗೆ. ಕಪಾಟು ಪಡಸಾಲೆಗೆ ಬರಲಿ. ಕಿಟಕಿ ಪಕ್ಕ ಮಾತ್ರ ಬೇಡ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ, ಎಲ್‌ಪಿ ಸೊಟ್ಟಗಾಗುತ್ತದೆ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ.

ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಪುಟದ ಒಂದು ಸಾಲು. "ಪಾರ್ಸೆಲ್‌ಗಳನ್ನು ಆರು ವರ್ಷದಿಂದ ಗಾಂಧಿ ಚೌಕದ ಹತ್ತಿರ ಗೆಳೆಯನ ಅಂಗಡಿಗೆ ತರಿಸುತ್ತೇನೆ, ಸುಮ್ನೆ ಮನೆಯಲ್ಲಿ ಕಿರಿಕಿರಿ ಬೇಡ ಅಂತ." ಆಮೇಲೆ ಒಂದೊಂದೇ ಆಫೀಸ್ ಬ್ಯಾಗಿನಲ್ಲಿ ಮನೆಗೆ ಬರುತ್ತವೆ. ನಿಮ್ಮ ಮನೆಯವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಆ ಕಪಾಟು ಒರೆಸುವವರು ಅವರೇ ಎಂದು ನೀವೇ ಬರೆದಿದ್ದೀರಿ. ವಾರಕ್ಕೊಮ್ಮೆ ಧೂಳು ಹೊಡೆಯುವ ಕೈಗೆ ಹೊಸ ಡಬ್ಬಿ ಯಾವುದು ಅಂತ ತಿಳಿಯದೇ ಇರುತ್ತದೆಯೇ?

ನಮ್ಮ ಅಪ್ಪ ಪುಸ್ತಕ ಕೊಂಡರೆ ಓಣಿ ತುದಿಯ ಮನೆಯಲ್ಲಿ ಇಟ್ಟು, ಕತ್ತಲಾದ ಮೇಲೆ ಟವೆಲ್‌ನಲ್ಲಿ ಸುತ್ತಿ ತರುತ್ತಿದ್ದರು. ಅವ್ವ ಪುಸ್ತಕಕ್ಕೆ ಎಂದೂ ಬೈಯಲಿಲ್ಲ. ಆ ಮನೆಗೆ ಮಾತ್ರ ಸಾಯುವ ತನಕ ಕಾಲಿಡಲಿಲ್ಲ.

ನಿಮ್ಮ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಿಟ್ಟು ಬಂದದ್ದು ಆ ಗೆಳೆಯನ ಮೇಲೆ. "ಮನ್ಯಾಗ ಹೇಳಬ್ಯಾಡ, ನಾ ಇಟ್ಕೋತೀನಿ" ಅಂತ ಶುರು ಮಾಡಿದ್ದು ಅವರೇ ತಾನೇ? ಗಂಡ ಹೆಂಡಿರ ನಡುವೆ ಮುಚ್ಚಿಡಲು ಜಾಗ ಕೊಡುವವರನ್ನು ನಾನು ಗೆಳೆಯ ಅನ್ನುವುದಿಲ್ಲ. ಅವರ ಅಂಗಡಿಗೆ ಚಹಾ ಕುಡಿಯಲು ಹೋಗಿ, ಪಾರ್ಸೆಲ್ ತರಲು ಹೋಗಬೇಡಿ.

ನೀವು ಮಾಡಬೇಕಾದದ್ದು ಒಂದೇ ಕೆಲಸ. ಇವತ್ತೇ ವಿಳಾಸ ಬದಲಿಸಿ. ಮುಂದಿನ ಪಾರ್ಸೆಲ್ ಮನೆ ಬಾಗಿಲಿಗೆ ಬರಲಿ. ಬಿಲ್ಲು ಒಳಗೇ ಇರಲಿ, ತೆಗೆಯಬೇಡಿ. ಕತ್ತರಿ ಮನೆಯವರ ಕೈಗೆ ಕೊಡಿ.