ಟೈಫಾಯ್ಡ್ ಎಂದರು, ಮಲೇರಿಯಾ ಆಗಿತ್ತು: ಕೇಸು ನಿಲ್ಲುತ್ತದೆಯೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತಪ್ಪು ರೋಗನಿರ್ಣಯದ ಕುರಿತೇ ಇದ್ದವು. ಆಯ್ದ ನಾಲ್ಕಕ್ಕೆ ನಮ್ಮ ಕಾನೂನು ಮತ್ತು ವೈದ್ಯಕೀಯ ಸಲಹೆಗಾರರು ಉತ್ತರಿಸಿದ್ದಾರೆ.

ಪ್ರಶ್ನೆ: ಜುಲೈಯಲ್ಲಿ ನನ್ನ ತಮ್ಮನಿಗೆ ಚಳಿಜ್ವರ ಬಂತು. ನರ್ಸಿಂಗ್ ಹೋಮಿನಲ್ಲಿ ಟೈಫಾಯ್ಡಿಗೆ ಮಾಡುವ ವಿಡಾಲ್ ರಕ್ತಪರೀಕ್ಷೆ ಮಾಡಿ, ಟೈಫಾಯ್ಡ್ ಎಂದು ಐದು ದಿನ ಇಂಜೆಕ್ಷನ್ ಕೊಟ್ಟರು. ಆರನೇ ದಿನ ಮೂತ್ರ ಕಡಿಮೆಯಾಗಿ ಮಾತು ತೊದಲತೊಡಗಿತು. ಬೇರೆ ಆಸ್ಪತ್ರೆಗೆ ಒಯ್ದಾಗ ಫಾಲ್ಸಿಪಾರಂ ಮಲೇರಿಯಾ (ಮಲೇರಿಯಾದ ಅಪಾಯಕಾರಿ ಬಗೆ) ಎಂದು ಗೊತ್ತಾಯಿತು. ಡಯಾಲಿಸಿಸ್ ಮಾಡಿಸಿ ಉಳಿಸಿಕೊಂಡೆವು. ಪರಿಹಾರ ಕೇಳಬಹುದೇ?
– ಓದುಗರು, ಸುರತ್ಕಲ್

ಉತ್ತರ: ಕೇಳಬಹುದು. ಆದರೆ ರೋಗದ ಹೆಸರು ತಪ್ಪಿತು ಎಂಬುದಷ್ಟೇ ನಿರ್ಲಕ್ಷ್ಯವಾಗುವುದಿಲ್ಲ. ಅದೇ ಅರ್ಹತೆಯ ಸಾಮಾನ್ಯ ವೈದ್ಯರೊಬ್ಬರು ಆ ಸಂದರ್ಭದಲ್ಲಿ ಮಾಡಬೇಕಾಗಿದ್ದದ್ದನ್ನು ಇವರು ಮಾಡಿದರೇ ಎಂದು ನ್ಯಾಯಾಲಯ ನೋಡುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಚಳಿಜ್ವರದವನಿಗೆ ಮಲೇರಿಯಾ ಪರೀಕ್ಷೆಯನ್ನೇ ಬರೆಯದಿದ್ದರೆ ವೈದ್ಯರು ಸಮಜಾಯಿಷಿ ಕೊಡುವುದು ಕಷ್ಟ.

ಮೊದಲು ಲ್ಯಾಬ್ ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಮಲೇರಿಯಾಕ್ಕೆ ರಕ್ತದ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಅಥವಾ ಕಾರ್ಡ್ ಟೆಸ್ಟ್ (ದಿಢೀರ್ ಪರೀಕ್ಷೆ) ಮಾಡಿದ್ದರೇ? ಒಂದು ಸಲ ನೆಗೆಟಿವ್ ಬಂದು ಅಲ್ಲಿಗೇ ಬಿಟ್ಟಿದ್ದರೆ ಅದೂ ಪ್ರಶ್ನಾರ್ಹ. ಸಂಶಯವಿದ್ದಾಗ 12ರಿಂದ 24 ಗಂಟೆಗೊಮ್ಮೆ ಸ್ಮಿಯರ್ ಮತ್ತೆ ನೋಡುವುದು ವಾಡಿಕೆ. ವಿಡಾಲ್ ಒಂದನ್ನೇ ನಂಬುವುದಂತೂ ದುರ್ಬಲ ಆಧಾರ. ಹಳೆಯ ಸೋಂಕು, ಲಸಿಕೆ, ಕೆಲವೊಮ್ಮೆ ಮಲೇರಿಯಾವೇ ಅದನ್ನು ಪಾಸಿಟಿವ್ ತೋರಿಸುತ್ತದೆ. ಆಮೇಲೆ ನರ್ಸಿಂಗ್ ಚಾರ್ಟ್ ತೆಗೆಯಿರಿ. ಮೂರನೇ ದಿನವೂ ಜ್ವರ ಇಳಿಯದೆ ಪ್ಲೇಟ್‌ಲೆಟ್ ಕುಸಿಯುತ್ತಿದ್ದರೂ ಔಷಧ ಬದಲಾಗಿಲ್ಲವೆಂದರೆ ನಿಮ್ಮ ಕೇಸಿನ ಜೀವಾಳ ಆ ಹಾಳೆಯಲ್ಲೇ ಇದೆ.

ಹೆಚ್ಚಿನವರು ಸೋಲುವುದು ಇನ್ನೊಂದು ಕಡೆ. ತಡವಾದದ್ದರಿಂದಲೇ ಹಾನಿಯಾಯಿತು ಎಂದು ತೋರಿಸಬೇಕು. ಕಿಡ್ನಿಯ ಸ್ಥಿತಿ ತೋರಿಸುವ ರಕ್ತದ ಕ್ರಿಯಾಟಿನಿನ್ ಸೇರಿದ ದಿನ 1 ಇದ್ದು ಆರನೇ ದಿನ 5 ದಾಟಿದ್ದರೆ ಸಂಬಂಧ ಸ್ಪಷ್ಟ. ಸೇರುವಾಗಲೇ ಕಿಡ್ನಿ ಕೆಟ್ಟಿತ್ತೆಂದು ದಾಖಲೆ ಹೇಳಿದರೆ ಎದುರಿನ ವಕೀಲರು ಅದನ್ನೇ ಹಿಡಿಯುತ್ತಾರೆ.

ನಿಮ್ಮದನ್ನೇ ಹೋಲುವ ಪ್ರಕರಣವೊಂದಿದೆ. ಹೈದರಾಬಾದಿನಲ್ಲಿ ಮಲೇರಿಯಾ ಇದ್ದ ಮಹಿಳೆಗೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟರು, ಆಕೆ ತೀರಿಕೊಂಡರು. ಜಿಲ್ಲಾ ವೇದಿಕೆ ಕೊಡಿಸಿದ್ದ 2 ಲಕ್ಷ ರೂಪಾಯಿ ಪರಿಹಾರ ಮೇಲಿನ ಆಯೋಗಗಳಲ್ಲಿ ಬಿದ್ದುಹೋಗಿತ್ತು. 2010ರಲ್ಲಿ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪರಿಹಾರವನ್ನು ಮತ್ತೆ ಎತ್ತಿಹಿಡಿಯಿತು. ಪ್ರತಿ ಕೇಸಿಗೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದೂ ಹೇಳಿತು. ಹಾಗಿದ್ದರೂ ಎಂ.ಡಿ. ಮಾಡಿದ ಫಿಸಿಷಿಯನ್ ಒಬ್ಬರಿಂದ ಲಿಖಿತ ಅಭಿಪ್ರಾಯ ಪಡೆಯುವುದು ಜಾಣತನ. ಊರಿನವರು ಹಿಂಜರಿದರೆ, ಹಿಂಜರಿಯುತ್ತಾರೆ ಕೂಡ, ಬೇರೆ ಜಿಲ್ಲೆಯವರನ್ನು ಕೇಳಿ.

ದೂರನ್ನು ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಕೊಡಬೇಕು. ಗ್ರಾಹಕರ ದೂರುಗಳಿಗಿರುವ ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ಶುಲ್ಕವನ್ನು ಲೆಕ್ಕ ಹಾಕುವುದು ನೀವು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ. ಅದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ.

ಪ್ರಶ್ನೆ: ಕೇಸ್ ಶೀಟ್ ಕೇಳಿದರೆ ‘ಕೋರ್ಟಿಗೆ ಮಾತ್ರ ಕೊಡುವುದು’ ಎನ್ನುತ್ತಾರೆ.
– ಓದುಗರು, ಬಂಟ್ವಾಳ

ಉತ್ತರ: ಅದು ಸರಿಯಲ್ಲ. ರೋಗಿಯೋ ಅವರು ಒಪ್ಪಿಗೆ ಕೊಟ್ಟವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮಾವಳಿ ಹೇಳುತ್ತದೆ. ಬಾಯಿಮಾತಿನಲ್ಲಿ ಕೇಳಬೇಡಿ. ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಬರೆದು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ‘ಎಲ್ಲಾ ದಾಖಲೆ’ ಎಂದು ಬರೆದರೆ ಡಿಸ್ಚಾರ್ಜ್ ಸಮ್ಮರಿ ಕೈಗಿಟ್ಟು ಕಳಿಸುತ್ತಾರೆ. ಅಡ್ಮಿಷನ್ ನೋಟ್, ವೈದ್ಯರ ದಿನವಾರು ಟಿಪ್ಪಣಿ, ಔಷಧದ ಚಾರ್ಟ್, ನರ್ಸಿಂಗ್ ಚಾರ್ಟ್, ಸಮ್ಮತಿ ಪತ್ರ ಎಂದು ಹೆಸರಿಸಿ. ಸ್ಕ್ಯಾನ್ ರಿಪೋರ್ಟ್ ಜೊತೆ ಸಿ.ಡಿ.ಯನ್ನೂ ಕೇಳಿ. ಪುಟಕ್ಕೆ ಪುಟ ಸಂಖ್ಯೆ ಹಾಕಿಸಿ, ಮುಂದೆ ಹಾಳೆ ಸೇರಿದರೆ ಗೊತ್ತಾಗುತ್ತದೆ. ದಾಖಲೆ ಉಳಿಸಿಕೊಳ್ಳಬೇಕಾದ ಅವಧಿ 3 ವರ್ಷ, ತಡಮಾಡಬೇಡಿ.

ಪ್ರಶ್ನೆ: ಅಮ್ಮನ ಎದೆಯ ಗಂಟಿಗೆ ಸೂಜಿ ಪರೀಕ್ಷೆ ಮಾಡಿ ಕ್ಯಾನ್ಸರ್ ಇಲ್ಲ ಎಂದಿದ್ದರು. ಎಂಟು ತಿಂಗಳ ಮೇಲೆ ಕ್ಯಾನ್ಸರ್ ಎನ್ನುತ್ತಿದ್ದಾರೆ.
– ಓದುಗರು, ಕುಂದಾಪುರ

ಉತ್ತರ: ಹಳೆಯ ರಿಪೋರ್ಟಿನ ಕೊನೆಯ ಸಾಲನ್ನು ಓದಿ. ‘ಕ್ಯಾನ್ಸರ್ ಕೋಶಗಳಿಲ್ಲ’ ಎಂದಿದೆಯೋ, ‘ಮಾದರಿ ಸಾಲದು’ ಎಂದಿದೆಯೋ? ಎರಡನೆಯದನ್ನು ಮೊದಲನೆಯದೆಂದು ತಿಳಿದು ಮನೆಗೆ ಕಳಿಸಿದ್ದರೆ ಲೋಪ ಎದ್ದು ಕಾಣುತ್ತದೆ. ಸೂಜಿ ಪರೀಕ್ಷೆ ಎಲ್ಲ ಗಡ್ಡೆಯನ್ನೂ ಹಿಡಿಯುವುದಿಲ್ಲ. ಆದ್ದರಿಂದಲೇ ಕೈಪರೀಕ್ಷೆ, ಮ್ಯಾಮೋಗ್ರಾಂ ಅಥವಾ ಅಲ್ಟ್ರಾಸೌಂಡ್, ಸೂಜಿಯ ಕೋಶಪರೀಕ್ಷೆ ಮೂರರ ಫಲಿತಾಂಶವೂ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಕೋರ್ ಬಯಾಪ್ಸಿ (ದಪ್ಪ ಸೂಜಿಯಿಂದ ಗಡ್ಡೆಯ ತುಣುಕು ತೆಗೆದು ನೋಡುವುದು) ಮಾಡಬೇಕು. ಹಳೆಯ ಸ್ಲೈಡುಗಳನ್ನೇ ತರಿಸಿ ಬೇರೆ ಪೆಥಾಲಜಿಸ್ಟರಿಗೆ ತೋರಿಸಿ.

ಹಾನಿ ಕೂಡಲೇ ಕಾಣದಿದ್ದಾಗ, ದೂರು ಕೊಡುವ 2 ವರ್ಷದ ಅವಧಿಯನ್ನು ಗೊತ್ತಾದ ದಿನದಿಂದ ಎಣಿಸುವ ಅವಕಾಶವಿದೆ. ಅದನ್ನೇ ನಂಬಿ ಕೂರಬೇಡಿ. 1993ರ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಉಳಿದ ಗಾಜ್ ಬಟ್ಟೆ 2002ರಲ್ಲಿ ಸಿಕ್ಕ ಪ್ರಕರಣದಲ್ಲೂ, ಅಷ್ಟು ವರ್ಷ ನೋವಿದ್ದು ವಿಚಾರಿಸಲಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ದೂರನ್ನು ತಳ್ಳಿಹಾಕಿತು.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ನೋಡಿಸಿದ್ದೆವು, ಮಾವ ತೀರಿಕೊಂಡರು. ಪೊಲೀಸರಿಗೆ ದೂರು ಕೊಡುವುದೇ?
– ಓದುಗರು, ಉಡುಪಿ

ಉತ್ತರ: ಎಲ್ಲರಿಗೂ ಉಚಿತವಿರುವ ಕಡೆ ಗ್ರಾಹಕ ಕಾಯ್ದೆ ಅನ್ವಯಿಸುವುದಿಲ್ಲ. ಹೆಸರು ನೋಂದಣಿಗೆ ಕೊಟ್ಟ ಹತ್ತಿಪ್ಪತ್ತು ರೂಪಾಯಿ ಲೆಕ್ಕಕ್ಕಿಲ್ಲ. ಸಿವಿಲ್ ನ್ಯಾಯಾಲಯವೇ ದಾರಿ. ಕಾರ್ಮಿಕರ ವಿಮಾ ಯೋಜನೆಯ ಇ.ಎಸ್.ಐ. ಆಸ್ಪತ್ರೆಯ ಮಾತು ಬೇರೆ, ಅದು ಕಾಯ್ದೆಯೊಳಗೆ ಬರುತ್ತದೆಂದು 2007ರಲ್ಲೇ ತೀರ್ಮಾನವಾಗಿದೆ. ವೈದ್ಯರ ಮೇಲೆ ಶಿಸ್ತುಕ್ರಮ ಬೇಕಿದ್ದರೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಿರಿ. ಅದು ಹಣ ಕೊಡಿಸುವುದಿಲ್ಲ.

ಪೊಲೀಸ್ ದೂರಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಇದೆ, ವೈದ್ಯರಿಗೆ 2 ವರ್ಷದವರೆಗೆ ಶಿಕ್ಷೆ. ಆದರೆ ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ. ಬೇರೆ ವೈದ್ಯರ ಅಭಿಪ್ರಾಯ ಪಡೆಯದೆ ಪೊಲೀಸರು ಮುಂದುವರಿಯಬಾರದೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪಿದೆ. ಸಾವಿನ ಕಾರಣದಲ್ಲೇ ಸಂಶಯವಿದ್ದವರು ದಹನಕ್ಕೆ ಮೊದಲೇ ಠಾಣೆಗೆ ಲಿಖಿತ ದೂರು ಕೊಟ್ಟು ಪೋಸ್ಟ್‌ಮಾರ್ಟಂ ಕೇಳಬೇಕು. ನಿಮ್ಮಲ್ಲಿ ಆ ಹೊತ್ತು ದಾಟಿದ್ದರೆ ಉಳಿದಿರುವುದು ಕೇಸ್ ಶೀಟ್ ಮತ್ತು ಲ್ಯಾಬ್ ರಿಪೋರ್ಟ್. ಮೇಲೆ ಹೇಳಿದಂತೆ ಇವತ್ತೇ ಅರ್ಜಿ ಹಾಕಿ.