ಡಾಲ್ಫಿನ್ ಮೀನಾ, ದನದ ನೆಂಟನಾ?

ಪ್ರಶ್ನೆ: ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಾಗ ಬೋಟಿನ ಪಕ್ಕದಲ್ಲೇ ಡಾಲ್ಫಿನ್ ಹಾರಿತು. ಬೋಟಿಗೆ ಹೋಗಿಯೇ ತಲೆ ನರೆತ ನಮ್ಮ ಮಾವ ಅದು ಮೀನು ಅನ್ನುತ್ತಾರೆ. ಹೈಸ್ಕೂಲಿನ ಮಗಳು ದನದ ನೆಂಟ ಅನ್ನುತ್ತಾಳೆ. ಯಾರು ಸರಿ ಮೇಡಂ? ನೆಲದ ಪ್ರಾಣಿಯೇ ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರಿಗೆ ಇಳಿದು ಡಾಲ್ಫಿನ್ ಆಯಿತಂತೆ, ಅಷ್ಟು ಹಿಂದಿನದ್ದನ್ನು ಕಣ್ಣಾರೆ ನೋಡಿದವರು ಯಾರಿದ್ದಾರೆ?
(ಓದುಗರು, ಮಲ್ಪೆ)

ಉತ್ತರ: ಮಗಳು ಹೇಳಿದ್ದು ಸರಿ. ಅದನ್ನು ಮಾವನಿಗೆ ಒಪ್ಪಿಸುವುದು ಕಷ್ಟವೇನಲ್ಲ. ಮೀನು ಈಜುವ ರೀತಿ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬಂಗುಡೆ ಬಾಲವನ್ನು ಎಡಕ್ಕೆ ಬಲಕ್ಕೆ ಬೀಸುತ್ತದೆ. ಬೂತಾಯಿ, ಅಂಜಲ್ ಎಲ್ಲ ಹಾಗೆಯೇ. ಡಾಲ್ಫಿನ್ ಬಾಲ ಆಡುವುದು ಮೇಲೆ ಕೆಳಗೆ. ಅದರ ಬಾಲದ ರೆಕ್ಕೆಯೂ ಅಡ್ಡಕ್ಕೆ ಹರಡಿರುತ್ತದೆ. ಇನ್ನು ಜೋರಾಗಿ ಓಡುವ ನಾಯಿಯ ಬೆನ್ನು ನೋಡಿ, ಅದೂ ಮೇಲೆ ಕೆಳಗೆ ಬಾಗುತ್ತದೆ. ನೆಲದ ಮೇಲೆ ಓಡುತ್ತಿದ್ದ ಪ್ರಾಣಿಯ ಬೆನ್ನನ್ನೇ ಇಟ್ಟುಕೊಂಡು ಡಾಲ್ಫಿನ್ ಈಜುತ್ತಿದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವಾಗ ಮಕ್ಕಳನ್ನು ಬಂದರಿಗೆ ಕರೆದುಕೊಂಡು ಹೋಗಿ, ಕೈಗೊಂದು ಬಂಗುಡೆ ಕೊಟ್ಟು ಇದನ್ನೇ ಹೇಳುತ್ತಿದ್ದೆ. ಉಸಿರಿಗೆ ಮೇಲೆ ಬರುವುದು, ಮರಿಗೆ ಹಾಲು ಕೊಡುವುದು ನಿಮಗೇ ಗೊತ್ತಿದೆ.

ಕಣ್ಣಾರೆ ನೋಡಿದವರು ಯಾರೂ ಇಲ್ಲ, ನಿಜ. ಆದರೆ ಗುರುತು ಉಳಿದಿದೆ. ಕಲ್ಲಿನಲ್ಲಿರುವ ಗುರುತಂತೂ ನಮ್ಮ ದೇಶದ್ದೇ. ಎ. ರಂಗರಾವ್ ಎಂಬ ಭೂವಿಜ್ಞಾನಿ ಜಮ್ಮುವಿನ ಕಾಲಾಕೋಟ್ ಕಡೆಯಿಂದ ಪಳೆಯುಳಿಕೆ ಇದ್ದ ಕಲ್ಲುಗಳನ್ನು ತಂದಿದ್ದರು. ಅದರಲ್ಲಿ ಸಿಕ್ಕ ಪುಟ್ಟ ಪ್ರಾಣಿಗೆ 1971ರಲ್ಲಿ ಇಂಡೋಹಯಸ್ ಎಂದು ಹೆಸರಿಟ್ಟರು. ಅವರು ತೀರಿಕೊಂಡ ಮೇಲೂ ಎಷ್ಟೋ ಕಲ್ಲು ಒಡೆಯದೆ ಉಳಿದಿದ್ದವು. ಅವರ ಪತ್ನಿ ಅವನ್ನು ಎಸೆಯಲಿಲ್ಲ. ಜೋಪಾನ ಮಾಡಿ ಹಾನ್ಸ್ ಥೆವಿಸ್ಸನ್ ಎಂಬ ವಿಜ್ಞಾನಿಗೆ ಕೊಟ್ಟರು. ಅವರ ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುವಾಗ ಕೈತಪ್ಪಿ ಇಂಡೋಹಯಸ್‌ನ ಒಂದು ಕಿವಿಯ ಮೂಳೆ ಮುರಿಯಿತು. ನೋಡಿದರೆ ಅದರ ಒಳಬದಿ ವಿಪರೀತ ದಪ್ಪ! ತಿಮಿಂಗಿಲ, ಡಾಲ್ಫಿನ್ ಬಳಗದಲ್ಲಿ ಮಾತ್ರ ಕಿವಿಮೂಳೆ ಹಾಗಿರುತ್ತದೆ ಎಂದು ಎಲ್ಲರೂ ತಿಳಿದಿದ್ದರು. 2007ರಲ್ಲಿ ಈ ಸುದ್ದಿ ಜಗತ್ತಿಗೆ ಗೊತ್ತಾಯಿತು. ಆ ತಾಯಿಯ ಹೆಸರಿನಲ್ಲಿ ಪಾಠಪುಸ್ತಕದಲ್ಲಿ ಒಂದು ಸಾಲಾದರೂ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಇಂಡೋಹಯಸ್ ಬೆಕ್ಕಿನಷ್ಟು ದೊಡ್ಡದು. ನಾಲ್ಕು ಕಾಲು, ಕಾಲಿಗೆ ಗೊರಸು. ಕಾಲಿನ ಮೂಳೆ ನೀರಾನೆಯದರ ಹಾಗೆ ದಪ್ಪ, ನೀರಿನಲ್ಲಿ ಕಾಲೂರಿ ನಡೆಯಲು ಅನುಕೂಲ. ಅದು ತಿಮಿಂಗಿಲದ ಮುತ್ತಜ್ಜ ಅಲ್ಲ, ಮುತ್ತಜ್ಜನ ದಾಯಾದಿ. ಬದುಕಿದ್ದದ್ದು ಸುಮಾರು 4.8 ಕೋಟಿ ವರ್ಷಗಳ ಹಿಂದೆ. ನೀವು ನೋಡಿ ಬಂದ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಹುಟ್ಟಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಅಂದರೆ ಆ ಕಲ್ಲು ಹುಟ್ಟಿದಾಗ ಲೋಕದ ಯಾವ ಕಡಲಿನಲ್ಲೂ ಡಾಲ್ಫಿನ್ ಇರಲಿಲ್ಲ!

ಜೀನ್ ಕೊಡುವ ಸಾಕ್ಷಿ ಇನ್ನೂ ಗಟ್ಟಿ. ಡಿಎನ್‌ಎಯ ಕೆಲವು ತುಣುಕುಗಳು ತಮ್ಮದೇ ಪ್ರತಿ ಮಾಡಿಕೊಂಡು ಬೇರೆಲ್ಲೋ ಹೋಗಿ ಸೇರಿಕೊಳ್ಳುತ್ತವೆ. ಒಮ್ಮೆ ಸೇರಿದರೆ ಹೊರಗೆ ಬರುವುದು ತೀರಾ ಅಪರೂಪ. ಮಕ್ಕಳು, ಮೊಮ್ಮಕ್ಕಳು ಎಲ್ಲರಿಗೂ ಅದೇ ಜಾಗದಲ್ಲಿ ದಾಟುತ್ತಾ ಹೋಗುತ್ತದೆ. ಇಂಥ ಕೆಲವು ತುಣುಕು ತಿಮಿಂಗಿಲಕ್ಕೂ ನೀರಾನೆಗೂ ಒಂದೇ ಜಾಗದಲ್ಲಿವೆ, ದನಕ್ಕೆ ಆ ಜಾಗದಲ್ಲಿ ಇಲ್ಲ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಇದನ್ನು ತೋರಿಸಿದರು. ಹಾಗಾಗಿ ದನ ನೆಂಟನೇ, ಆದರೆ ನೀರಾನೆ ಇನ್ನೂ ಹತ್ತಿರದ ನೆಂಟ. ಇದನ್ನು ಮಗಳಿಗೂ ಹೇಳಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೆರಗು ಹುಟ್ಟಿಸುವುದು ಕೆಟ್ಟುಹೋದ ಜೀನ್‌ಗಳು. ಡಾಲ್ಫಿನ್‌ಗೆ ನಮ್ಮ ಹಾಗೆ ಮೂಗಿನಲ್ಲಿ ವಾಸನೆ ಹಿಡಿಯಲು ಬರುವುದಿಲ್ಲ. ಮಿದುಳಿನಲ್ಲಿ ಆ ಕೆಲಸ ಮಾಡುವ ಭಾಗವೇ ಇಲ್ಲ. ಆದರೂ ವಾಸನೆಯ ಜೀನ್‌ಗಳು ಅದರ ಒಂದೊಂದು ಜೀವಕೋಶದಲ್ಲೂ ಇವೆ. ಹೆಚ್ಚಿನವು ಡಿಎನ್‌ಎಯ ಬರಹದಲ್ಲಿ ಅಕ್ಷರ ಬಿಟ್ಟುಹೋಗಿ, ಅಕ್ಷರ ತಪ್ಪಿ ಕೆಲಸ ನಿಲ್ಲಿಸಿವೆ. ಸಿಹಿ ಗುರುತಿಸುವ ಜೀನ್ ಕೂಡ ಹಾಗೆಯೇ ಕೆಟ್ಟಿದೆ. ಮೊದಲಿನಿಂದಲೂ ನೀರಿನ ಜೀವಿಯೇ ಆಗಿದ್ದರೆ ಗಾಳಿಯಲ್ಲಿ ವಾಸನೆ ಹಿಡಿಯುವ ಜೀನ್ ಅದಕ್ಕೆ ಯಾಕೆ ಬೇಕಿತ್ತು? ಹೊಟ್ಟೆಯೊಳಗಿನ ಮರಿಗೆ ಹಿಂಗಾಲಿನ ಮೊಗ್ಗು ಈಗಲೂ ಮೂಡುತ್ತದೆ, ಸ್ವಲ್ಪ ಸಮಯದಲ್ಲೇ ಕರಗುತ್ತದೆ. 2006ರಲ್ಲಿ ಜಪಾನಿನ ತಾಯ್ಜಿ ಎಂಬಲ್ಲಿ ಹಿಂದುಗಡೆ ಇನ್ನೊಂದು ಜೋಡಿ ರೆಕ್ಕೆ ಇದ್ದ ಡಾಲ್ಫಿನ್ ಸಿಕ್ಕಿತ್ತು, ಹಿಂಗಾಲು ಇರಬೇಕಾದ ಜಾಗದಲ್ಲೇ.

ಪ್ರಶ್ನೆ: ಸಾರಿಗೆ ಕೊತ್ತಂಬರಿ ಸೊಪ್ಪು ಹಾಕಿದರೆ ನನಗೆ ಸೋಪಿನ ವಾಸನೆ ಬರುತ್ತದೆ. ಮನೆಯಲ್ಲಿ ಸುಮ್ನೆ ಹಠ ಅನ್ನುತ್ತಾರೆ. ಹೌದಾ?
(ಓದುಗರು, ಮಂಗಳೂರು)

ಉತ್ತರ: ಹಠ ಅಲ್ಲ. ನಮ್ಮಲ್ಲಿ ಕೆಲಸ ಮಾಡುವ ವಾಸನೆ ಜೀನ್‌ಗಳು ಸುಮಾರು 400. ಎಲ್ಲರಲ್ಲೂ ಅವು ಒಂದೇ ಥರ ಇರುವುದಿಲ್ಲ. ಕೊತ್ತಂಬರಿ ಸೊಪ್ಪಿನಲ್ಲಿ ಆಲ್ಡಿಹೈಡ್ ಎಂಬ ರಾಸಾಯನಿಕಗಳಿವೆ, ಅದೇ ಜಾತಿಯವು ಸೋಪಿನಲ್ಲೂ ಇರುತ್ತವೆ. ಓಆರ್6ಎ2 ಎಂಬ ವಾಸನೆ ಜೀನ್‌ನ ಹತ್ತಿರ ಒಂದು ಅಕ್ಷರ ಬೇರೆ ಇದ್ದವರಿಗೆ ಸೋಪಿನ ವಾಸನೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ಎಂದು 2012ರ ಒಂದು ಅಧ್ಯಯನ ಹೇಳಿದೆ. ಜೀನ್ ಒಂದೇ ಕಾರಣ ಅಲ್ಲ, ಅದರ ಪಾಲು ಚಿಕ್ಕದು. ಸೊಪ್ಪನ್ನು ಅರೆದು ಚಟ್ನಿ ಮಾಡಿ ಸ್ವಲ್ಪ ಹೊತ್ತು ಇಟ್ಟು ನೋಡಿ. ಅರೆದಾಗ ಎಲೆಯ ಕಿಣ್ವಗಳು ಆಲ್ಡಿಹೈಡನ್ನು ಒಡೆಯುತ್ತವೆ, ಸೋಪಿನ ವಾಸನೆ ಕಡಿಮೆಯಾಗಬಹುದು. ಆಗಲೂ ಸೇರದಿದ್ದರೆ ಬಿಟ್ಟುಬಿಡಿ. ಒತ್ತಾಯ ಮಾಡಬಾರದಂತೆ ಎಂದು ಮನೆಯವರಿಗೆ ನನ್ನ ಹೆಸರು ಹೇಳಿ.