ಹಲ್ಲು ಉದುರುವ ಕನಸು ಮತ್ತು ಮಗನ ಪ್ರಯಾಣ

ಆತ್ಮೀಯ ಓದುಗರೇ,

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ತಿಳಿಯಲಿ ಎಂದು ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನಿಮ್ಮ ಮಗ ಮೊದಲ ಸಲ ಮನೆ ಬಿಟ್ಟು ದೂರದ ಕೆಲಸಕ್ಕೆ ವಿಮಾನ ಹತ್ತಲಿದ್ದಾನೆ. ಅದು ಖಚಿತವಾದಾಗಿನಿಂದ ನಿಮಗೆ ಹಲ್ಲು ಉದುರುವ ಕನಸು ಮತ್ತೆ ಮತ್ತೆ ಬೀಳುತ್ತಿದೆ, ಅದೂ ಬೆಳಗಿನ ಜಾವದಲ್ಲಿ. ಉದುರಿದ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದು ಮಗನನ್ನು ಕೂಗುತ್ತೀರಿ, ಧ್ವನಿಯೇ ಹೊರಡುವುದಿಲ್ಲ. ಕನಸಿನ ಫಲ ಹೇಳುವ ಒಂದು ಪುಸ್ತಕದಲ್ಲಿ ‘ಮನೆಯವರಿಗೆ ಕೇಡು’ ಎಂದಿತ್ತು, ಇನ್ನೊಂದರಲ್ಲಿ ‘ಸಾಲ ತೀರುತ್ತದೆ’ ಎಂದಿತ್ತು. ಮನೋವಿಜ್ಞಾನ ಓದಿದ ಸಂಬಂಧಿಯೊಬ್ಬರು ‘ಕನಸು ಬರೀ ಮಿದುಳಿನ ಕಸ, ಸುಮ್ನೆ ಬಿಡಿ’ ಎಂದರು. ಈಗ ನಿಮ್ಮ ಪ್ರಶ್ನೆ ಮೂರು. ಇದು ಮುನ್ಸೂಚನೆಯಾ? ಕನಸಿಗೆ ಅರ್ಥ ಎನ್ನುವುದು ಇದೆಯಾ? ಮಗನಿಗೆ ಹೇಳಲಾ, ಬೇಡವಾ?

ಮೊದಲನೆಯದಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ಇದು ಮುನ್ಸೂಚನೆ ಅಲ್ಲ. ಮಗನ ಟಿಕೆಟ್ ರದ್ದು ಮಾಡಿಸಬೇಡಿ.

ನಿಮಗೆ ಸಿಕ್ಕ ಆ ಎರಡೂ ಫಲಗಳು ಬಹಳ ಹಳೆಯವು. ಎರಡನೇ ಶತಮಾನದಲ್ಲಿ ಆರ್ಟೆಮಿಡೋರಸ್ ಎಂಬ ಗ್ರೀಕ್ ಸ್ವಪ್ನಪಂಡಿತನಿದ್ದ. ಬಾಯಿ ಎಂದರೆ ಮನೆ, ಹಲ್ಲುಗಳೆಂದರೆ ಮನೆಯ ಜನ, ಬಲಗಡೆಯವು ಗಂಡಸರು, ಎಡಗಡೆಯವು ಹೆಂಗಸರು ಎಂದು ಬರೆದವನು ಅವನು. ಸಾಲಗಾರನಿಗೆ ಹಲ್ಲು ಉದುರುವ ಕನಸು ಬಿದ್ದರೆ ಸಾಲ ತೀರುತ್ತದೆ ಎಂದು ಬರೆದವನೂ ಅವನೇ. ಅವನ ಲೆಕ್ಕದಲ್ಲಿ ಇದು ವಿರೋಧವಲ್ಲ. ಕನಸು ಕಂಡವರು ಯಾರು, ಏನು ಕೆಲಸ, ವಯಸ್ಸೆಷ್ಟು, ಆರೋಗ್ಯ ಹೇಗಿದೆ, ಕೈಯಲ್ಲಿ ಹಣ ಇದೆಯಾ ಇಲ್ಲವಾ, ಇಷ್ಟನ್ನೂ ವಿಚಾರಿಸದೆ ಫಲ ಹೇಳಬಾರದು ಎಂಬುದು ಅವನ ನಿಯಮವಾಗಿತ್ತು. ನೀವು ನೋಡಿದಂಥ ಪುಸ್ತಕಗಳಲ್ಲಿ ಉತ್ತರ ಉಳಿದಿದೆ, ಪ್ರಶ್ನೆ ಬಿಟ್ಟುಹೋಗಿದೆ. ನನಗೆ ಅವುಗಳ ಮೇಲೆ ಸಿಟ್ಟಿರುವುದು ಇದಕ್ಕೇ. ನಿಮ್ಮ ಬಗ್ಗೆ ಏನೂ ಗೊತ್ತಿಲ್ಲದ ಒಂದು ಸಾಲು ನಿಮ್ಮ ನಿದ್ದೆ ಕೆಡಿಸಿತಲ್ಲ!

ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ವಿಷಯ ನೋಡಿ. ಕನಸುಗಳ ಬಗೆಗಿನ ಅವರ ಪುಸ್ತಕ 1899ರ ನವೆಂಬರ್‌ನಲ್ಲಿ ಹೊರಬಂತು, ಮುಖಪುಟದಲ್ಲಿ 1900 ಎಂದು ಅಚ್ಚಾಗಿತ್ತು. ಅವರು ಹಲ್ಲಿನ ಕನಸಿನ ಹಿಂದೆ ಕಾಮದ ಬಯಕೆ ಕಂಡರು. ನನಗೆ ಆ ಅರ್ಥ ಒಪ್ಪಿಗೆಯಿಲ್ಲ. ಆದರೆ ಅವರೂ ಕನಸಿನ ಒಂದೊಂದು ತುಣುಕನ್ನೂ ಮುಂದಿಟ್ಟು, ‘ಇದನ್ನು ನೆನೆದರೆ ನಿಮಗೆ ಏನು ಹೊಳೆಯುತ್ತದೆ’ ಎಂದು ಕಂಡವರನ್ನೇ ಕೇಳುತ್ತಿದ್ದರು. ಅವರ ಜೊತೆಗಿದ್ದ ಮನೋವೈದ್ಯ ಯೂಂಗ್ ಮುಂದೆ ಫ್ರಾಯ್ಡ್‌ರಿಂದ ದೂರವಾದರು, ಒಂಟಿ ಕನಸಿಗಿಂತ ಕನಸುಗಳ ಸಾಲನ್ನು ನೋಡಬೇಕು ಎಂದರು. ಇನ್ನೂ ಹಿಂದಕ್ಕೆ ಹೋದರೆ ಆಯುರ್ವೇದದ ಗ್ರಂಥ ಚರಕ ಸಂಹಿತೆ ಕನಸುಗಳನ್ನು ಏಳು ಬಗೆ ಮಾಡುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ತೋರಿಸುವುದು, ದೇಹದ ದೋಷದಿಂದ ಬರುವುದು. ಇವುಗಳಲ್ಲಿ ಮೊದಲ ಐದಕ್ಕೆ ಫಲವೇ ಇಲ್ಲ ಎಂದು ವೈದ್ಯನಿಗೆ ಹೇಳುತ್ತದೆ. ಮುಂದಾಗುವುದನ್ನು ತೋರಿಸುವ ಕನಸನ್ನು ನಂಬಿದ್ದ ಕಾಲದಲ್ಲೂ ಹೆಚ್ಚಿನ ಕನಸುಗಳನ್ನು ಪಕ್ಕಕ್ಕಿಡುವ ವಿವೇಕ ಇತ್ತು.

ಆದರೆ ಬೆಳಗಿನ ಜಾವದ ಕನಸು ನಿಜವಾಗುತ್ತದಲ್ವಾ ಎಂದು ನೀವು ಒತ್ತಿ ಕೇಳಿದ್ದೀರಿ. ಈ ನಂಬಿಕೆ ಬಹಳ ಕಡೆ ಇದೆ. ನಡುರಾತ್ರಿ ಕಳೆದ ಮೇಲಿನ ಕನಸು ನಿಜ ಎಂಬ ಮಾತು ಎರಡು ಸಾವಿರ ವರ್ಷಗಳ ಹಿಂದಿನ ರೋಮನ್ ಕವಿ ಹೊರೇಸ್‌ನಲ್ಲೂ ಬರುತ್ತದೆ. ಇದು ಹುಟ್ಟಿದ್ದು ಹೇಗಿರಬಹುದು ಎಂಬುದಕ್ಕೆ ಒಂದು ಸುಳಿವು 1953ರಲ್ಲಿ ಸಿಕ್ಕಿತು. ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ನಿದ್ದೆಯಲ್ಲಿ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯ ಕೆಳಗೆ ಸರಸರ ಓಡಾಡುವ ಹೊತ್ತೊಂದಿದೆ, ಆಗ ಎಬ್ಬಿಸಿದರೆ ಜನ ಕನಸು ಹೇಳುವುದು ಜಾಸ್ತಿ ಎಂದು ತೋರಿಸಿದರು. ಅದನ್ನೇ ಈಗ ರೆಮ್ ನಿದ್ದೆ ಎನ್ನುತ್ತಾರೆ. ಸುಮಾರು 90 ನಿಮಿಷಕ್ಕೊಮ್ಮೆ ಅದು ಬರುತ್ತದೆ. ರಾತ್ರಿಯ ಮೊದಲಿಗೆ ಕೆಲವೇ ನಿಮಿಷ, ಬೆಳಗಾಗುತ್ತಾ ಬಂದಂತೆ ಉದ್ದವಾಗುತ್ತಾ ಹೋಗುತ್ತದೆ. ಹಾಗಾಗಿ ಬೆಳಗಿನ ಜಾವದ ಕನಸುಗಳು ಉದ್ದ, ಬಣ್ಣ ಬಣ್ಣ, ಮತ್ತು ಅಲ್ಲಿಂದ ನೇರ ಎಚ್ಚರಕ್ಕೆ ಬರುವುದರಿಂದ ನೆನಪಿನಲ್ಲಿ ಉಳಿಯುವುದೂ ಅವೇ. ಆ ಹೊತ್ತಿನಲ್ಲಿ ಮಿದುಳಿನಲ್ಲಿ ಭಯ, ದುಃಖಗಳಿಗೆ ಸಂಬಂಧಿಸಿದ ಅಮಿಗ್ಡಾಲ ಚುರುಕಾಗಿರುತ್ತದೆ, ‘ಇದು ಸಾಧ್ಯವಾ’ ಎಂದು ತೂಗಿ ನೋಡುವ ಹಣೆಯ ಹಿಂದಿನ ಭಾಗ ಮಂಕಾಗಿರುತ್ತದೆ. ನಿಮ್ಮ ಎದೆ ಹೊಡೆದುಕೊಂಡದ್ದು ನಿಜ, ಭಯ ನಿಜ. ಅದು ವಿಮಾನದ ಬಗ್ಗೆ ಕೊಟ್ಟ ಮಾಹಿತಿ ಮಾತ್ರ ಏನೂ ಇಲ್ಲ.

ನಿಜವಾದ ಕನಸುಗಳ ಕಥೆ ಎಲ್ಲರ ಬಳಿಯೂ ಇರುತ್ತದೆ. ಇಂಥವುಗಳಲ್ಲಿ ಹೆಚ್ಚಿನವು ಕಾಕತಾಳೀಯ ಎಂದು ಅರಿಸ್ಟಾಟಲ್ ಅಷ್ಟು ಹಿಂದೆಯೇ ಬರೆದಿದ್ದ. ನಿಜವಾಗದ ಸಾವಿರಾರು ಕನಸುಗಳನ್ನು ನಾವು ಯಾರಿಗೂ ಹೇಳುವುದಿಲ್ಲ, ಅವು ನೆನಪಿನಲ್ಲೂ ಇರುವುದಿಲ್ಲ. ಇನ್ನೊಂದು ವಿಷಯ ನಿಮ್ಮ ಪತ್ರಕ್ಕೆ ತೀರಾ ಹತ್ತಿರವಾದದ್ದು. ಮೋರ್‌ವೆಜ್ ಮತ್ತು ನಾರ್ಟನ್ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ವಿಮಾನ ಪ್ರಯಾಣದ ಹಿಂದಿನ ದಿನವನ್ನು ಕಲ್ಪಿಸಿಕೊಳ್ಳಲು ಹೇಳಿದರು. ಸರ್ಕಾರದ ಎಚ್ಚರಿಕೆಗಿಂತ, ಅಪಘಾತದ ಕನಸು ತಮ್ಮ ಪ್ರಯಾಣವನ್ನು ಹೆಚ್ಚು ಅಲುಗಾಡಿಸುತ್ತದೆ ಎಂದು ಜನ ಹೇಳಿದರು. ಅದೇ ಮಾರ್ಗದಲ್ಲಿ ನಿಜವಾಗಿ ಅಪಘಾತ ಆಗಿದ್ದರೆ ಎಷ್ಟು ಅಳುಕುತ್ತಿದ್ದರೋ, ಹೆಚ್ಚುಕಡಿಮೆ ಅಷ್ಟೇ! ನಮಗೆ ಮೊದಲೇ ಇರುವ ಅನಿಸಿಕೆಗೆ ಹೊಂದುವ ಕನಸಿಗೆ ನಾವು ಜಾಸ್ತಿ ತೂಕ ಕೊಡುತ್ತೇವೆ ಎಂಬುದನ್ನೂ ಅವರು ಕಂಡರು. ನೀವೊಬ್ಬರೇ ಹೀಗೆ ಹೆದರಿದ್ದಲ್ಲ.

ಹಾಗಾದರೆ ಕಸ ಎಂದ ಸಂಬಂಧಿ ಸರಿಯಾ? ನನ್ನ ಪ್ರಕಾರ ಅವರೂ ಅವಸರ ಮಾಡಿದರು. ಆ ಮಾತಿನ ಹಿಂದೆ ಹಾಬ್ಸನ್ ಮತ್ತು ಮೆಕಾರ್ಲಿ ಎಂಬ ಮನೋವೈದ್ಯರ 1977ರ ಸಿದ್ಧಾಂತ ಇರಬಹುದು. ಮಿದುಳಿನ ಕಾಂಡದಿಂದ ಸಂಕೇತಗಳು ಅಡ್ಡಾದಿಡ್ಡಿ ಏಳುತ್ತವೆ, ಮೇಲಿನ ಮಿದುಳು ಅವನ್ನು ಹೇಗೋ ಹೊಲಿದು ಕಥೆ ಮಾಡುತ್ತದೆ ಎಂಬುದು ಅದರ ತಿರುಳು. ಸರಿ, ಸಂಕೇತ ಅಡ್ಡಾದಿಡ್ಡಿಯೇ ಇರಲಿ, ಹೊಲಿಯುವ ದಾರ ಯಾರದು? ನಿಮ್ಮದೇ ನೆನಪು, ನಿಮ್ಮದೇ ಚಿಂತೆ. ಕ್ಯಾಲ್ವಿನ್ ಹಾಲ್ ಎಂಬ ಮನೋವಿಜ್ಞಾನಿ ಸಾವಿರಾರು ಕನಸುಗಳನ್ನು ಕೂಡಿಹಾಕಿ ನೋಡಿದಾಗ ಹಗಲಿನಲ್ಲಿ ಮನಸ್ಸನ್ನು ತುಂಬಿದ ಜನ, ಚಿಂತೆಗಳೇ ಅಲ್ಲೂ ಮುಂದುವರಿಯುವುದು ಕಂಡಿತು. ನಿದ್ದೆಯ ಸಂಶೋಧಕಿ ರೋಸಲಿಂಡ್ ಕಾರ್ಟ್‌ರೈಟ್ ವಿಚ್ಛೇದನದಿಂದ ಕುಗ್ಗಿದವರ ಕನಸುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಕನಸು ನೋವನ್ನು ಪಳಗಿಸಲು ನೆರವಾಗುತ್ತದೆ ಎಂದು ವಾದಿಸಿದರು.

ಈಗ ನಿಮ್ಮ ಕನಸಿಗೆ ಬರೋಣ. ಹಲ್ಲಿನ ಭಾಗಕ್ಕೆ ತೀರಾ ಸರಳ ಕಾರಣ ಇರಬಹುದು. 2018ರಲ್ಲಿ ಇಸ್ರೇಲಿನ ಇಬ್ಬರು ಸಂಶೋಧಕರು 210 ಜನರನ್ನು ವಿಚಾರಿಸಿದಾಗ, ಹಲ್ಲಿನ ಕನಸುಗಳಿಗೆ ನಂಟು ಕಂಡದ್ದು ಎದ್ದಾಗ ಹಲ್ಲು, ವಸಡು, ದವಡೆಯಲ್ಲಿ ಬಿಗಿತವಿರುವುದರ ಜೊತೆಗೆ. ಮಾನಸಿಕ ಸಂಕಟದ ಜೊತೆ ನಂಟು ಕಾಣಲಿಲ್ಲ. ನಾಳೆ ಎದ್ದ ಕೂಡಲೇ ದವಡೆ ಮುಟ್ಟಿ ನೋಡಿ. ನೋವೋ ಬಿಗಿತವೋ ಇದ್ದರೆ ರಾತ್ರಿ ಹಲ್ಲು ಕಡಿಯುತ್ತಿರಬಹುದು, ದಂತವೈದ್ಯರಿಗೆ ತೋರಿಸಿ.

ನನ್ನನ್ನು ಹಿಡಿದಿಟ್ಟದ್ದು ಹಲ್ಲಲ್ಲ. ಕೂಗಿದರೂ ಧ್ವನಿ ಬರಲಿಲ್ಲ ಎಂದಿರಲ್ಲ, ಅದು. ರೆಮ್ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲವಾಗಿ ಕೈಕಾಲು ಆಡದಂತಿರುತ್ತವೆ, ಕಾರಣ ಅದೂ ಇರಬಹುದು. ಆದರೂ ಕೇಳುತ್ತೇನೆ, ಏಕೆಂದರೆ ಉತ್ತರ ನಿಮಗೆ ಮಾತ್ರ ಗೊತ್ತಿರುತ್ತದೆ. ಮಗನಿಗೆ ಹೇಳಬೇಕೆಂದುಕೊಂಡು ಹೇಳದೆ ಉಳಿಸಿಕೊಂಡದ್ದು ಏನಾದರೂ ಇದೆಯಾ? ನಾಲ್ಕು ಪುಟದ ಪತ್ರದಲ್ಲಿ ಅವನ ಸಂಬಳ, ಅವನ ಟಿಕೆಟ್, ಅವನ ಬಟ್ಟೆಬರೆ ಎಲ್ಲ ಇದೆ. ಅವನು ಹೋದ ಮೇಲೆ ನಿಮ್ಮ ದಿನ ಹೇಗಿರುತ್ತದೆ ಎಂಬುದು ಒಂದು ಸಾಲೂ ಇಲ್ಲ.

ಕನಸು ಹೀಗೇ ಕಾಡುತ್ತಿದ್ದರೆ ಒಂದು ಅಭ್ಯಾಸ ಮಾಡಿ. ಹಗಲಿನಲ್ಲಿ ಕನಸನ್ನು ಬರೆಯಿರಿ, ಅದರ ಕೊನೆಯನ್ನು ನಿಮಗೆ ಬೇಕಾದ ಹಾಗೆ ಬದಲಾಯಿಸಿ. ನೀವು ಕೂಗಿದಿರಿ, ಅವನು ತಿರುಗಿ ನೋಡಿದ ಎನ್ನಿ. ಆ ಹೊಸ ಕನಸನ್ನು ದಿನವೂ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲೇ ಓಡಿಸಿ. ದುಃಸ್ವಪ್ನಗಳ ಚಿಕಿತ್ಸೆಯಲ್ಲಿ ಈ ವಿಧಾನವನ್ನು ನಿಜಕ್ಕೂ ಬಳಸುತ್ತಾರೆ. ನಿದ್ದೆ ಕೆಡುತ್ತಲೇ ಇದ್ದರೆ, ಅಥವಾ ಹೊಸ ಮಾತ್ರೆ ಶುರುವಾದ ಮೇಲೆ ಕನಸುಗಳು ಹೆಚ್ಚಾಗಿದ್ದರೆ ವೈದ್ಯರಿಗೆ ಹೇಳಿ. ಖಿನ್ನತೆಯ, ರಕ್ತದೊತ್ತಡದ ಕೆಲವು ಔಷಧಿಗಳಿಂದಲೂ ಹೀಗಾಗುವುದುಂಟು.

ಕೊನೆಯ ಪ್ರಶ್ನೆ. ಮಗನಿಗೆ ಹೇಳಿ. ‘ಕೆಟ್ಟ ಕನಸು ಬಿತ್ತು, ಹೋಗಬೇಡ’ ಎಂದರೆ ಅವನು ದಾರಿಯುದ್ದಕ್ಕೂ ನಿಮ್ಮ ಕನಸನ್ನು ಹೊತ್ತುಕೊಂಡು ಕೂರುತ್ತಾನೆ, ಅದಕ್ಕೆ ಅವನ ಬಳಿ ಉತ್ತರವೂ ಇರುವುದಿಲ್ಲ. ‘ನೀನು ಹೊರಟರೆ ನನಗೆ ಭಯ ಆಗುತ್ತೆ ಕಣೋ’ ಎನ್ನಿ. ಅದಕ್ಕೆ ಅವನು ಉತ್ತರ ಕೊಡಬಲ್ಲ. ಎಲ್ಲಿ ಉಳಿಯುತ್ತಾನೆ, ಜೊತೆಗೆ ಯಾರಿರುತ್ತಾರೆ, ತಲುಪಿದ ಕೂಡಲೇ ಫೋನ್ ಮಾಡುತ್ತಾನಾ, ಎಲ್ಲವನ್ನೂ ಕೂತು ಕೇಳಿ.

– ಸಂ.